ಹಾಳು ಹಂಪೆಯ ಜಲವರ್ಣ ಚಿತ್ರ ಮತ್ತು ಕರ್ನಲ್ ಕಾಲಿನ್ ಮೆಕೆಂಜಿ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೆ ಹೋದಾಗ ಹಜಾರದ ಗೋಡೆಯ ಮೇಲೆ ಹಂಪೆಯ ಒಂದಾದರೂ ಚಿತ್ರ ಕಣ್ಣಿಗೆ ಬೀಳುವುದು ಸಾಮಾನ್ಯ. ಒಬ್ಬರ ಮನೆಯಲ್ಲಿ ಕಲ್ಲಿನ ರಥ, ಇನ್ನೊಬ್ಬರ ಮನೆಯಲ್ಲಿ ವಿರೂಪಾಕ್ಷ ದೇವಾಲಯದ ಗೋಪುರ. ರಾಜ್ಯೋತ್ಸವ ಬಂತೆಂದರೆ ವೇದಿಕೆಯ ಹಿಂದಿನ ಪರದೆಯ ಮೇಲೂ ಅದೇ ಚಿತ್ರ. ಊರಿನಿಂದ ದೂರ ಬಂದು ಮೂರು ತಲೆಮಾರು ಕಳೆದಿದ್ದರೂ ಆ ಚಿತ್ರವನ್ನು ಕಂಡಾಗ ಮನಸ್ಸು ಒಂದು ಕ್ಷಣ ತುಂಗಭದ್ರೆಯ ದಡಕ್ಕೆ ಹೋಗಿ ಬರುತ್ತದೆ. ಆದರೆ ಈ ಹಾಳೂರನ್ನು ಮೊತ್ತಮೊದಲು ಕ್ರಮಬದ್ಧವಾಗಿ ಅಳೆದು, ಅದರ ನದಿ, ಬಂಡೆ, ಬೀದಿ, ಗುಡಿಗಳನ್ನು ಕಾಗದದ ಮೇಲೆ ಬಣ್ಣದಲ್ಲಿ ಮೂಡಿಸಿದವರು ಯಾರು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಆ ಶ್ರೇಯಸ್ಸು ಸಲ್ಲುವುದು ಸ್ಕಾಟ್ಲೆಂಡಿನ ಒಂದು ಪುಟ್ಟ ದ್ವೀಪದಲ್ಲಿ ಹುಟ್ಟಿ, ಕಲ್ಕತ್ತೆಯ ಮಣ್ಣಿನಲ್ಲಿ ಮಲಗಿರುವ ಕರ್ನಲ್ ಕಾಲಿನ್ ಮೆಕೆಂಜಿ ಅವರಿಗೆ ಮತ್ತು ಅವರೊಡನೆ ದುಡಿದ ನಮ್ಮವರೇ ಆದ ಹಲವರಿಗೆ.

ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರು ಪಟ್ಟಣದಲ್ಲಿ. ತಂದೆ ವ್ಯಾಪಾರಿ. ತರುಣ ಕಾಲಿನ್ ಅದೇ ಊರಿನ ಸುಂಕದ ಕಚೇರಿಯಲ್ಲಿ ಅಧಿಕಾರಿಯಾಗಿ ಕೆಲಸಕ್ಕೆ ಸೇರಿದರು. ಬಂದ ಹಡಗಿನ ಸರಕನ್ನು ಎಣಿಸಿ ಬರೆದಿಡುವುದು, ಲೆಕ್ಕ ತಾಳೆ ನೋಡುವುದು ಅವರ ದಿನಚರಿ. ಹಾಗೆಂದು ಅವರ ಆಸಕ್ತಿ ಸುಂಕದ ಲೆಕ್ಕಕ್ಕೆ ಸೀಮಿತವಾಗಿರಲಿಲ್ಲ. ಗಣಿತದಲ್ಲಿ ಅವರಿಗೆ ಒಲವಿತ್ತು. ಲಾಗರಿದಮ್ ಗಣಿತವನ್ನು ಕಂಡುಹಿಡಿದ ಜಾನ್ ನೇಪಿಯರ್ ಅವರ ವಂಶಸ್ಥರಾದ ನೇಪಿಯರ್ ಪ್ರಭುಗಳು ತಮ್ಮ ಪೂರ್ವಜನ ಜೀವನಚರಿತ್ರೆಯನ್ನು ಸಿದ್ಧಪಡಿಸುತ್ತಿದ್ದಾಗ, ಪ್ರಾಚೀನ ಹಿಂದೂಗಳ ಗಣಿತಜ್ಞಾನದ ಬಗ್ಗೆ ವಿಷಯ ಸಂಗ್ರಹಿಸುವ ಕೆಲಸದಲ್ಲಿ ಮೆಕೆಂಜಿ ನೆರವಾದರು. ಭಾರತದ ಹೆಸರು ಅವರ ಮನಸ್ಸಿನಲ್ಲಿ ಬೇರೂರಿದ್ದು ಹೀಗೆ. ಸಂಪತ್ತಿಗಾಗಿ ಹಡಗು ಹತ್ತಿದವರು ಆ ಕಾಲದಲ್ಲಿ ಸಾವಿರಾರು ಮಂದಿ. ಗಣಿತದ ಕುತೂಹಲವನ್ನೂ ಜೊತೆಗೆ ಕಟ್ಟಿಕೊಂಡು ಬಂದವರು ಕೆಲವರು ಮಾತ್ರ.

1783ರಲ್ಲಿ, ಮೂವತ್ತರ ಅಂಚಿನಲ್ಲಿ ಅವರು ಈಸ್ಟ್ ಇಂಡಿಯಾ ಕಂಪನಿಯ ಸೇನೆಯ ಕೆಡೆಟ್ ಆಗಿ ಮದರಾಸಿಗೆ ಬಂದಿಳಿದರು. ಇತರ ಕೆಡೆಟ್‌ಗಳಿಗೆ ಹೋಲಿಸಿದರೆ ಅದು ಹೆಚ್ಚಿನ ವಯಸ್ಸೇ. ಮದುರೆಯಲ್ಲಿ ನೇಪಿಯರ್ ಪ್ರಭುಗಳ ಮಗಳು ಹೆಸ್ಟರ್ ಅವರ ಮನೆಯಲ್ಲಿ ಕೆಲಕಾಲ ಇದ್ದಾಗ ಅಲ್ಲಿಯ ವಿದ್ವಾಂಸರ ಪರಿಚಯವಾಯಿತು. ಗಣಿತವನ್ನು ಹುಡುಕಿಕೊಂಡು ಹೋದವರಿಗೆ ಅಲ್ಲಿ ಓಲೆಗರಿ, ಶಾಸನ, ಪುರಾಣ, ವಂಶಾವಳಿಗಳ ದೊಡ್ಡ ಪ್ರಪಂಚವೇ ತೆರೆದುಕೊಂಡಿತು. ಆದರೆ ಸೈನಿಕನಿಗೆ ತನ್ನ ಇಷ್ಟದ ಕೆಲಸ ಮಾಡುವ ಬಿಡುವೆಲ್ಲಿ? ಮುಂದಿನ ಹದಿಮೂರು ಹದಿನಾಲ್ಕು ವರ್ಷ ಅವರು ಎಂಜಿನಿಯರಾಗಿ ದಾರಿಗಳನ್ನು ಅಳೆದರು, ಕೋಟೆಗಳಿಗೆ ಮುತ್ತಿಗೆ ಹಾಕಿದರು, ಪಾಂಡಿಚೇರಿಯಲ್ಲೂ ಸಿಂಹಳದಲ್ಲೂ ಯುದ್ಧ ಮಾಡಿದರು. 1792ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು ಶ್ರೀರಂಗಪಟ್ಟಣ ಬಿದ್ದ ಅಂತಿಮ ಮುತ್ತಿಗೆಯಲ್ಲೂ ಎಂಜಿನಿಯರಾಗಿ ಭಾಗವಹಿಸಿದ್ದರು. ಹಾಳೂರಿನ ಚಿತ್ರಗಳನ್ನು ಬರೆಸಿದ ಇದೇ ವ್ಯಕ್ತಿ ಒಂದು ರಾಜಧಾನಿಯನ್ನು ಹಾಳುಗೆಡವಿದ ಸೇನೆಯಲ್ಲಿದ್ದರು ಎಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಅವರ ಜೀವನದಲ್ಲಿ ಈ ಎರಡೂ ಮುಖಗಳು ಕೊನೆಯವರೆಗೆ ಜೊತೆಜೊತೆಯಾಗಿಯೇ ಸಾಗಿದವು.

ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಮೋಜಣಿ ಮಾಡುವ ಹೊಣೆ ಮೆಕೆಂಜಿ ಅವರಿಗೆ ಬಂತು. ಗೆದ್ದ ನಾಡನ್ನು ಕಂಪನಿ, ನಿಜಾಮ ಮತ್ತು ಮೈಸೂರಿನ ಒಡೆಯರ ನಡುವೆ ಹಂಚಿದ ಮೇಲೆ ಗಡಿ ಎಲ್ಲಿ, ಹಳ್ಳಿ ಎಷ್ಟು, ಕೆರೆ ಎಷ್ಟು ಎಂಬುದು ಸರಕಾರಕ್ಕೆ ತಿಳಿಯಬೇಕಾಗಿತ್ತು. ಸುಮಾರು 40,000 ಚದರ ಮೈಲಿಗಳ ವಿಸ್ತಾರದ ಈ ಮೋಜಣಿ ಒಂದು ದಶಕ ಕಾಲ ನಡೆಯಿತು. ಸಂಬಳ ಸಾರಿಗೆಯ ವಿಷಯದಲ್ಲಿ ಕಂಪನಿಯ ಕೈ ಬಿಗಿ. ಜೊತೆಗೆ ಕಾಡುಜ್ವರದ ಕಾಟ. ಮೋಜಣಿಯ ತಂಡದವರು ಮತ್ತೆ ಮತ್ತೆ ಹಾಸಿಗೆ ಹಿಡಿದರು. ಹಾಗಿದ್ದರೂ ಮೆಕೆಂಜಿ ಕೇವಲ ಗಡಿಗೆರೆ ಎಳೆದು ಕೈತೊಳೆದುಕೊಳ್ಳಲಿಲ್ಲ. ಪ್ರತಿ ಊರಿನ ಚರಿತ್ರೆ, ದೇವಸ್ಥಾನ, ಶಾಸನ, ಬೆಳೆ, ಕಸುಬು, ಆಚಾರಗಳನ್ನೂ ಕಲೆಹಾಕಬೇಕೆಂದು ನಿಶ್ಚಯಿಸಿದರು. ಇದಕ್ಕೆ ತಗಲಿದ ವೆಚ್ಚದ ದೊಡ್ಡ ಪಾಲನ್ನು ಅವರು ತಮ್ಮ ಸ್ವಂತ ಜೇಬಿನಿಂದಲೇ ಭರಿಸಿದರು.

ಹಂಪೆಯ ಚಿತ್ರ ಮೂಡಿದ್ದು ಈ ಮೋಜಣಿಯ ಆರಂಭದ ದಿನಗಳಲ್ಲಿ, 1799-1800ರ ಅವಧಿಯಲ್ಲಿ. 1565ರ ರಕ್ಕಸಗಿ ತಂಗಡಗಿ ಯುದ್ಧದ ನಂತರ ಆ ಮಹಾನಗರ ಪಾಳುಬಿದ್ದು ಆಗಲೇ ಇನ್ನೂರ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದವು. ವಿರೂಪಾಕ್ಷನ ಗುಡಿಯಲ್ಲಿ ಮಾತ್ರ ಪೂಜೆ ನಿಂತಿರಲಿಲ್ಲ. ಸುತ್ತಮುತ್ತಲ ಜನಕ್ಕೆ ಅದು ಪಂಪಾಕ್ಷೇತ್ರ, ರಾಮಾಯಣದ ಕಿಷ್ಕಿಂಧೆ. ಆದರೆ ಹೊರಗಿನ ಲೋಕದ ವಿದ್ವತ್ ವಲಯದಲ್ಲಿ ವಿಜಯನಗರದ ಹೆಸರು ಹೆಚ್ಚುಕಡಿಮೆ ಮರೆತೇ ಹೋಗಿತ್ತು. ರಾಬರ್ಟ್ ಸಿವೆಲ್ ಅವರು ಮರೆತುಹೋದ ಆ ಸಾಮ್ರಾಜ್ಯದ ಚರಿತ್ರೆಯನ್ನು ಗ್ರಂಥರೂಪದಲ್ಲಿ ಹೊರತಂದದ್ದು 1900ರಲ್ಲಿ. ಅದಕ್ಕೆ ನೂರು ವರ್ಷ ಮುಂಚೆಯೇ ಮೆಕೆಂಜಿ ಅವರು ಆ ಬಂಡೆಗಳ ನಡುವೆ ಡೇರೆ ಹಾಕಿದ್ದರು.

ಆ ಕಾಲದಲ್ಲಿ ಇಂಥ ಚಿತ್ರಗಳು ಹೇಗೆ ಸಿದ್ಧವಾಗುತ್ತಿದ್ದವು ಎಂಬುದನ್ನು ಸ್ವಲ್ಪ ತಿಳಿದರೆ ಅದರ ಬೆಲೆ ಅರ್ಥವಾಗುತ್ತದೆ. ಮೊದಲು ಸರಪಣಿ ಹಿಡಿದು ನೆಲದ ಮೇಲೆ ಒಂದು ನೇರ ಗೆರೆಯನ್ನು ಅಳೆಯಬೇಕು. ಅದರ ಎರಡು ತುದಿಗಳಿಂದ ದೂರದ ಬೆಟ್ಟದ ನೆತ್ತಿಗೆ ಉಪಕರಣದ ಮೂಲಕ ಕೋನ ಹಿಡಿಯಬೇಕು. ಆಗ ತ್ರಿಕೋನದ ಲೆಕ್ಕದಿಂದ ಬೆಟ್ಟ ಎಷ್ಟು ದೂರವಿದೆ ಎಂಬುದು ಅಲ್ಲಿಗೆ ಹೋಗದೆಯೇ ಗೊತ್ತಾಗುತ್ತದೆ. ಹೀಗೆ ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತ ಹೋದಂತೆ ನಾಡೆಲ್ಲ ಕಾಗದದ ಮೇಲೆ ಬಂದು ಕೂರುತ್ತದೆ. ಅನಂತರ ಮಸಿಯಲ್ಲಿ ಗೆರೆ, ಅದರ ಮೇಲೆ ನೀರಿನಲ್ಲಿ ಕರಗಿಸಿದ ತೆಳು ಬಣ್ಣ. ಎಣ್ಣೆಬಣ್ಣ ಒಣಗಲು ದಿನಗಟ್ಟಲೆ ಬೇಕು. ನೀರುಬಣ್ಣದ ಬಿಲ್ಲೆಗಳನ್ನಾದರೋ ಒಂದು ಪುಟ್ಟ ಪೆಟ್ಟಿಗೆಯಲ್ಲಿಟ್ಟು ಕುದುರೆಯ ಮೇಲೆ ಒಯ್ಯಬಹುದು, ಬಿಸಿಲಿಗೆ ಬಣ್ಣ ಕ್ಷಣದಲ್ಲಿ ಆರುತ್ತದೆ. ಕಂಪನಿಯ ಎಂಜಿನಿಯರುಗಳು ಈ ಕಲೆಯನ್ನು ಕಲಿತಿದ್ದದ್ದು ಸೌಂದರ್ಯಕ್ಕಾಗಿ ಅಲ್ಲ, ಕೋಟೆ ಕಂದಕಗಳನ್ನು ಗುರುತಿಸಲು. ಮೆಕೆಂಜಿ ಅವರ ತಂಡದ ಕೈಯಲ್ಲಿ ಅದೇ ವಿದ್ಯೆ ಹಾಳೂರಿನ ನೆನಪನ್ನು ಉಳಿಸುವ ವಿದ್ಯೆಯಾಯಿತು.

ಹಂಪೆಯ ಆ ನಕ್ಷೆ ಅರ್ಧ ನಕ್ಷೆ, ಅರ್ಧ ಭೂದೃಶ್ಯ. ತುಂಗಭದ್ರೆಯ ಹರಿವು, ದಡದ ಬಂಡೆಗುಡ್ಡಗಳು, ಅವುಗಳ ನಡುವೆ ಗುಡಿಗಳು ಮತ್ತು ಬೀದಿಗಳು ಅದರಲ್ಲಿ ಮೂಡಿವೆ. ಪುರಾತತ್ತ್ವದ ದೃಷ್ಟಿಯಿಂದ ತಯಾರಾದ ಹಂಪೆಯ ಮೊದಲ ನಕ್ಷೆಯೆಂದು ವಿದ್ವಾಂಸರು ಅದನ್ನು ಗುರುತಿಸುತ್ತಾರೆ. ಇಂದು ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಮಹತ್ವ ಬಣ್ಣದ ಚೆಲುವಿನಲ್ಲಷ್ಟೇ ಇಲ್ಲ. ಕ್ಯಾಮೆರಾ ಬರುವುದಕ್ಕೆ ಇನ್ನೂ ನಾಲ್ಕು ದಶಕ ಬಾಕಿ ಇದ್ದ ಕಾಲದಲ್ಲಿ, ಒಂದು ಸ್ಥಳ ಹೇಗಿತ್ತು ಎಂಬುದಕ್ಕೆ ಅದು ಕಣ್ಣಾರೆ ಕಂಡವರ ಸಾಕ್ಷಿ. ಮುಂದೆ ಮೆಕೆಂಜಿ ಸಂಗ್ರಹದ ಚಿತ್ರಗಳ ಸಂಖ್ಯೆ 2,630ಕ್ಕೆ ಏರಿತು. ಅವೆಲ್ಲ ಅವರೇ ಸ್ವತಃ ಬರೆದವಲ್ಲ. ತಂಡದಲ್ಲಿದ್ದ ನಕ್ಷೆಗಾರರು, ಚಿತ್ರಕಾರರು ಅವರ ಮೇಲ್ವಿಚಾರಣೆಯಲ್ಲಿ ಬರೆದವೂ ಅವುಗಳಲ್ಲಿ ಬಹಳ ಇವೆ.

ಚಿತ್ರವೊಂದು ಎಂಥ ಆಸ್ತಿಯಾಗಬಲ್ಲದು ಎಂಬುದಕ್ಕೆ ಆಂಧ್ರದ ಅಮರಾವತಿಯ ಕಥೆಯೇ ನಿದರ್ಶನ. ಅಲ್ಲಿಯ ಜಮೀನ್ದಾರರು ಹೊಸ ಪಟ್ಟಣ ಕಟ್ಟಲು ಕಲ್ಲು ಇಟ್ಟಿಗೆಗಳಿಗಾಗಿ ಒಂದು ದಿಬ್ಬವನ್ನು ಅಗೆಸಿದಾಗ ಬೌದ್ಧ ಸ್ತೂಪದ ಅವಶೇಷಗಳು ಹೊರಬಿದ್ದವು. ಮೆಕೆಂಜಿ 1798ರಲ್ಲಿ ಅದನ್ನು ಕಂಡರು. 1816ರಲ್ಲಿ ಮತ್ತೆ ಹೋಗುವಷ್ಟರಲ್ಲಿ ದಿಬ್ಬದ ನಡುಭಾಗವನ್ನು ಕೆರೆಗಾಗಿ ತೋಡಲಾಗಿತ್ತು. ಕೆತ್ತನೆಯ ಚಪ್ಪಡಿಗಳು ಚೆಲ್ಲಾಪಿಲ್ಲಿಯಾಗಿದ್ದವು. ಉಳಿದವನ್ನು ಅವರು ತಮ್ಮ ತಂಡದಿಂದ ಒಂದೊಂದಾಗಿ ಚಿತ್ರಿಸಿದರು. ಆ ಚಪ್ಪಡಿಗಳಲ್ಲಿ ಹಲವು ಈಗ ಎಲ್ಲಿಯೂ ಇಲ್ಲ. ಕಲ್ಲು ಹೋಯಿತು, ಕಾಗದ ಉಳಿಯಿತು. ಉಳಿದ ಶಿಲ್ಪಗಳನ್ನು ಚೆನ್ನೈಯ ಎಗ್ಮೋರ್ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲೂ ಕಾಣಬಹುದು.

ಮೆಕೆಂಜಿ ಅವರ ಬಗ್ಗೆ ಹೇಳುವಾಗ ಅವರಿಗೆ ಕಣ್ಣು, ಕಿವಿ, ನಾಲಗೆಗಳಾಗಿದ್ದವರ ಬಗ್ಗೆ ಹೇಳದಿದ್ದರೆ ಅದು ಅರ್ಧಸತ್ಯವಾಗುತ್ತದೆ. ಮೆಕೆಂಜಿ ಅವರಿಗೆ ನಮ್ಮ ಭಾಷೆಗಳಲ್ಲಿ ಪ್ರವೇಶವಿರಲಿಲ್ಲ. ಅದನ್ನು ಅವರೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದರು. 1796ರ ಸುಮಾರಿಗೆ ಅವರ ಬಳಿ ದುಭಾಷಿಯಾಗಿ ಸೇರಿದವರು ಏಲೂರಿನ ತರುಣ ಕಾವಲಿ ವೆಂಕಟ ಬೋರಯ್ಯ. ತೆಲುಗು, ಸಂಸ್ಕೃತ ಮೊದಲಾದ ಭಾಷೆಗಳನ್ನು ಬಲ್ಲ ಬೋರಯ್ಯನವರಿಗೆ ಜನರೊಡನೆ ಹೇಗೆ ಮಾತನಾಡಬೇಕೆಂಬುದೂ ಗೊತ್ತಿತ್ತು. ಕಂಪನಿಯ ಅಧಿಕಾರಿ ಬಂದು ಊರಿನ ವಿಷಯ ಕೇಳಿದರೆ ಹಳ್ಳಿಯವರಿಗೆ ಮೊದಲು ಬರುತ್ತಿದ್ದ ಅನುಮಾನ ಕಂದಾಯ ಹೆಚ್ಚಿಸುತ್ತಾರೆಂಬುದು. ಆ ಅನುಮಾನವನ್ನು ಕರಗಿಸಿ, ಶಾನುಭೋಗರ ಕಡತ ಬಿಚ್ಚಿಸಿ, ದೇವಸ್ಥಾನದ ಅರ್ಚಕರಿಂದ ಓಲೆಗರಿ ಹೊರತೆಗೆಸುವುದು ಸಣ್ಣ ಕೆಲಸವಲ್ಲ. ಇಂಥ ಬೋರಯ್ಯನವರು 1803ರಲ್ಲಿ, ಮೂವತ್ತು ತುಂಬುವುದಕ್ಕೆ ಮೊದಲೇ ತೀರಿಕೊಂಡರು. ಮೆಕೆಂಜಿ ಅವರಿಗೆ ಇದು ದೊಡ್ಡ ಪೆಟ್ಟು. ಕೆಲಸ ಅಲ್ಲಿಗೇ ನಿಂತುಹೋಗಬಹುದಾಗಿತ್ತು. ತಮ್ಮಂದಿರಾದ ಲಕ್ಷ್ಮಯ್ಯ ಮತ್ತು ರಾಮಸ್ವಾಮಿ ಅಣ್ಣನ ಕೆಲಸವನ್ನು ಕೈಗೆತ್ತಿಕೊಂಡು ಮುಂದುವರಿಸಿದರು.

ಕನ್ನಡಿಗರಾದ ನಾವು ವಿಶೇಷವಾಗಿ ನೆನೆಯಬೇಕಾದ ಇನ್ನೊಂದು ಹೆಸರು ಧರ್ಮಯ್ಯ. ಇಂದಿನ ಚಾಮರಾಜನಗರ ಜಿಲ್ಲೆಯಲ್ಲಿರುವ ಮಲೆಯೂರಿನ ಜೈನ ಪಂಡಿತರಿವರು. ಅಲ್ಲಿಯ ಕನಕಗಿರಿ ಬೆಟ್ಟ ಜೈನರ ಪವಿತ್ರ ಕ್ಷೇತ್ರ. ಹಳಗನ್ನಡ ಶಾಸನಗಳ ಲಿಪಿಯನ್ನು ಓದಿ ಅರ್ಥ ಹೇಳಬಲ್ಲವರು ಆಗಲೇ ವಿರಳವಾಗಿದ್ದರು. ಧರ್ಮಯ್ಯನವರ ನೆರವಿನಿಂದ ಅಂಥ ಶಾಸನಗಳು ಮತ್ತೆ ಮಾತನಾಡತೊಡಗಿದವು. ಜೈನ ಮತದ ಇತಿಹಾಸವೂ ಹೊರಗಿನ ವಿದ್ವಾಂಸರಿಗೆ ತಿಳಿಯುವಂತಾಯಿತು. 1816ರಲ್ಲಿ ಮದರಾಸಿನಲ್ಲಿ ಥಾಮಸ್ ಹಿಕ್ಕಿ ಎಂಬ ಕಲಾವಿದರು ಮೆಕೆಂಜಿ ಅವರ ತೈಲಚಿತ್ರ ಬರೆದಾಗ, ಅವರೊಬ್ಬರನ್ನೇ ನಿಲ್ಲಿಸಿ ಬರೆಯಲಿಲ್ಲ. ಕೆಂಪು ಸಮವಸ್ತ್ರದ ಮೆಕೆಂಜಿ ಅವರ ಸುತ್ತ ಮೂವರು ಭಾರತೀಯ ಸಹಾಯಕರಿದ್ದಾರೆ; ಅವರಲ್ಲಿ ದುರ್ಬೀನು ಹಿಡಿದವರಿದ್ದಾರೆ, ಓಲೆಗರಿ ಹಿಡಿದವರಿದ್ದಾರೆ. ದೂರದ ಬೆಟ್ಟದ ಮೇಲೆ ನಿಂತಿರುವುದು ನಮ್ಮ ಗೊಮ್ಮಟ. ತನ್ನ ಸ್ವಂತ ಚಿತ್ರದಲ್ಲಿ ಸಹಾಯಕರಿಗೆ ಜಾಗ ಕೊಟ್ಟ ಕಂಪನಿ ಅಧಿಕಾರಿಗಳು ಹೆಚ್ಚು ಮಂದಿ ಸಿಗಲಾರರು.

ಇವರೆಲ್ಲ ಸೇರಿ ಹಳ್ಳಿಹಳ್ಳಿಗಳಲ್ಲಿ ಬರೆಸಿ ತಂದ ವರದಿಗಳೇ ಕೈಫಿಯತ್ತುಗಳು. ಊರಿಗೆ ಆ ಹೆಸರು ಹೇಗೆ ಬಂತು, ಕೆರೆ ಕಟ್ಟಿಸಿದವರು ಯಾರು, ಯಾವ ಪಾಳೆಯಗಾರ ಆಳಿದ, ದೇವರಿಗೆ ಎಷ್ಟು ಇನಾಮು ಭೂಮಿ ಇತ್ತು, ಜಾತ್ರೆ ಯಾವಾಗ ಎಂಬ ಸಂಗತಿಗಳೆಲ್ಲ ಅವುಗಳಲ್ಲಿವೆ. ದಂತಕಥೆಯೂ ಚರಿತ್ರೆಯೂ ಬೆರೆತುಕೊಂಡಿರುವುದು ನಿಜ. ಆದರೆ ಅರಮನೆಯ ಕವಿ ಬರೆಯದಿದ್ದ ಊರಿನ ಬಾಳು ಅವುಗಳಲ್ಲಿ ಉಳಿದಿದೆ. ಸಾಮಾನ್ಯ ಹಳ್ಳಿಯೊಂದಕ್ಕೂ ಹೇಳಿಕೊಳ್ಳಲು ಒಂದು ಚರಿತ್ರೆಯಿದೆ ಎಂದು ಬರೆದಿಟ್ಟ ದಾಖಲೆಗಳಿವು.

1810ರಲ್ಲಿ ಮೈಸೂರು ಮೋಜಣಿ ಮುಗಿಯುತ್ತ ಬಂದಾಗ ಮೆಕೆಂಜಿ ಮದರಾಸಿನ ಸರ್ವೇಯರ್ ಜನರಲ್ ಆದರು. ಮರುವರ್ಷವೇ ಜಾವಾ ದ್ವೀಪದ ದಂಡಯಾತ್ರೆಗೆ ಹೋಗಬೇಕಾಯಿತು. ಅಲ್ಲಿಯೂ ಅವರದು ಅದೇ ಸ್ವಭಾವ. 1812ರ ಆರಂಭದಲ್ಲಿ ಪ್ರಂಬಾನನ್‌ನ ಪಾಳುಬಿದ್ದ ದೇವಾಲಯಗಳನ್ನು ನೋಡಿ, ಚಿತ್ರಿಸಿ, ಅವುಗಳ ವಿವರವನ್ನು ಬರೆದರು. ಹಂಪೆಯ ಗುಡಿಗಳಲ್ಲಿ ಕಂಡ ದೇವತೆಗಳೇ ಸಮುದ್ರದಾಚೆಯ ದ್ವೀಪದ ಕಲ್ಲಿನಲ್ಲೂ ಅವರಿಗೆ ಎದುರಾದರು. ಅಲ್ಲಿಯೇ, ಐವತ್ತೆಂಟರ ಹೊತ್ತಿನಲ್ಲಿ, ಪೆಟ್ರೊನೆಲ್ಲಾ ಬಾರ್ಟೆಲ್ಸ್ ಎಂಬುವರನ್ನು ಮದುವೆಯಾದರು.

1815ರಲ್ಲಿ ಅವರಿಗೆ ಇಡೀ ಭಾರತದ ಸರ್ವೇಯರ್ ಜನರಲ್ ಪದವಿ ದೊರೆಯಿತು. ಆ ಹುದ್ದೆಗೆ ಅವರೇ ಮೊದಲಿಗರು. 1817ರಲ್ಲಿ ಕಲ್ಕತ್ತೆಗೆ ಹೋದರು. ಪದವಿ ದೊಡ್ಡದಾಯಿತು, ದೇಹ ಸೋತಿತ್ತು. ಮೂರು ದಶಕಗಳಿಂದ ಕೂಡಿಟ್ಟ ಕಂತೆಗಳನ್ನು ವಿಂಗಡಿಸಿ, ಅನುವಾದ ಮಾಡಿಸಿ, ಪಟ್ಟಿ ತಯಾರಿಸಿ ಲೋಕದ ಮುಂದಿಡಬೇಕೆಂಬುದೊಂದೇ ಅವರ ಹಂಬಲವಾಗಿತ್ತು. ಅದಕ್ಕೆ ಬೇಕಾದ ಬಿಡುವು ಸಿಗಲೇ ಇಲ್ಲ. 1821ರ ಮೇ 8ರಂದು ಕಲ್ಕತ್ತೆಯ ಸಮೀಪ ಅವರು ಕೊನೆಯುಸಿರೆಳೆದರು. ಪಾರ್ಕ್ ಸ್ಟ್ರೀಟಿನ ದಕ್ಷಿಣ ಸ್ಮಶಾನದಲ್ಲಿ ಅವರ ಸಮಾಧಿಯಿದೆ. 1783ರಲ್ಲಿ ಭಾರತಕ್ಕೆ ಕಾಲಿಟ್ಟವರು ಮತ್ತೆ ತಮ್ಮ ಹುಟ್ಟೂರನ್ನು ಕಾಣಲಿಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಸಂಗತಿ ಮನಸ್ಸಿಗೆ ತಟ್ಟದೆ ಇರದು.

ಅವರ ನಿಧನದ ನಂತರ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಅವರ ಸರಕಾರ ಇಡೀ ಸಂಗ್ರಹವನ್ನು ಅವರ ಪತ್ನಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ಎಚ್.ಎಚ್. ವಿಲ್ಸನ್ ಎಂಬ ವಿದ್ವಾಂಸರು 1828ರಲ್ಲಿ ಅದರ ಪಟ್ಟಿಯನ್ನು ಪ್ರಕಟಿಸಿದರು. ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ ಆಯುಷ್ಯದ ಬಹುಪಾಲು ಕಳೆದ ನನ್ನಂಥವನಿಗೆ ಆ ಪಟ್ಟಿಯ ಅಂಕಿಗಳೇ ಒಂದು ಕಾವ್ಯದಂತೆ ಕಾಣುತ್ತವೆ: 1,568 ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಗಳ ಪ್ರತಿಗಳು, 2,159 ಅನುವಾದಗಳು, 6,218 ನಾಣ್ಯಗಳು, 106 ವಿಗ್ರಹಗಳು. ಕೊಟ್ಟ ಹಣ ಒಂದು ಲಕ್ಷ. ಜಮೆಯಾದ ಆಸ್ತಿಗೆ ಬೆಲೆ ಕಟ್ಟುವವರು ಯಾರು? ಆದರೆ ಅದೇ ಲೆಕ್ಕದಲ್ಲಿ ಸಲ್ಲದ ಒಂದು ಬಾಕಿಯೂ ಉಳಿದಿದೆ. ಕಾವಲಿ ಲಕ್ಷ್ಮಯ್ಯನವರು ಈ ಸಂಶೋಧನೆಯನ್ನು ತಾವೇ ಮುಂದುವರಿಸುವುದಾಗಿ ಕೇಳಿಕೊಂಡಾಗ ಏಷಿಯಾಟಿಕ್ ಸೊಸೈಟಿ ಒಪ್ಪಲಿಲ್ಲ. ಭಾರತೀಯನೊಬ್ಬ ಇಂಥ ಕೆಲಸದ ನಾಯಕತ್ವ ವಹಿಸಬಲ್ಲನೆಂಬ ನಂಬಿಕೆ ಆ ಕಾಲದ ಆಡಳಿತಕ್ಕೆ ಇರಲಿಲ್ಲ. ಕೆಲಸ ಪಾದ್ರಿ ವಿಲಿಯಂ ಟೇಲರ್ ಅವರ ಪಾಲಾಯಿತು. ಕಾಲು ಶತಮಾನದ ಅನುಭವವಿದ್ದ ಲಕ್ಷ್ಮಯ್ಯನವರನ್ನು ಬದಿಗೆ ಸರಿಸಲಾಯಿತು. ತಮ್ಮ ರಾಮಸ್ವಾಮಿ ದಕ್ಷಿಣದ ಕವಿಗಳ ಜೀವನಚಿತ್ರಗಳನ್ನು ಇಂಗ್ಲಿಷಿನಲ್ಲಿ ಬರೆದು 1829ರಲ್ಲಿ ಪ್ರಕಟಿಸಿದರೆಂಬುದಷ್ಟೇ ಸಮಾಧಾನ.

ಮೆಕೆಂಜಿ ಸಂಗ್ರಹವನ್ನು ಕುರಿತು ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ಆಳುವವರಿಗೆ ಆಳಲು ಬೇಕಾದ ತಿಳಿವಳಿಕೆಯ ಭಾಗವಾಗಿಯೇ ಇದೆಲ್ಲ ನಡೆಯಿತು ಎಂಬುದು ಒಂದು. ನಶಿಸಿಹೋಗುತ್ತಿದ್ದುದನ್ನು ಉಳಿಸಿದ ಪುಣ್ಯಕಾರ್ಯ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ ಎಂದೇ ನನ್ನ ನಂಬಿಕೆ. ಮೋಜಣಿಯ ನಕ್ಷೆ ಕಂಪನಿಯ ಖಜಾನೆಗೆ ನೆರವಾಯಿತು. ಅದೇ ನಕ್ಷೆಯ ಪಕ್ಕದಲ್ಲಿ ಬರೆದ ಹಾಳೂರಿನ ಚಿತ್ರ ಮತ್ತು ಊರಿನ ಕೈಫಿಯತ್ತು ನಮ್ಮ ಮಕ್ಕಳಿಗೆ ಉಳಿಯಿತು. ಉದ್ದೇಶ ಯಾರದೇ ಇರಲಿ, ಆ ಅಕ್ಷರಗಳು ನಮ್ಮ ಹಿರಿಯರ ಬಾಯಿಂದ ಬಂದವು, ಆ ಕಲ್ಲುಗಳನ್ನು ಕೆತ್ತಿದವರು ನಮ್ಮ ಶಿಲ್ಪಿಗಳು.

ದಕ್ಷಿಣ ಭಾರತದ ಭಾಷೆಗಳ ಹಸ್ತಪ್ರತಿಗಳಲ್ಲಿ ಬಹುಪಾಲು ಇಂದು ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಕನ್ನಡ ಕೈಫಿಯತ್ತುಗಳು ಡಾ. ಎಂ.ಎಂ. ಕಲಬುರ್ಗಿ ಅವರ ಸಂಪಾದಕತ್ವದಲ್ಲಿ ಕರ್ನಾಟಕದ ಕೈಫಿಯತ್ತುಗಳು ಎಂಬ ಹೆಸರಿನಿಂದ ಗ್ರಂಥರೂಪದಲ್ಲಿ ಬಂದಿವೆ. ಅದನ್ನು ಪ್ರಕಟಿಸಿದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಎರಡು ಶತಮಾನಗಳ ಹಿಂದೆ ಹಾಳುಬಿದ್ದ ಬೀದಿಗಳನ್ನು ಮೆಕೆಂಜಿ ಅವರ ತಂಡ ಅಳೆದ ನೆಲದ ಹತ್ತಿರದಲ್ಲೇ ಒಂದು ವಿದ್ಯಾಲಯ ಎದ್ದು, ಅವರು ಕೂಡಿಟ್ಟ ಕಾಗದಗಳನ್ನು ಕನ್ನಡಿಗರ ಕೈಗೆ ಮರಳಿಸಿತು. ಹಂಪೆಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಮುಂದಿನ ಬಾರಿ ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಹಂಪೆಗೆ ಕರೆದೊಯ್ಯುವವರು ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಳ್ಳುವುದರೊಂದಿಗೆ ಮೆಕೆಂಜಿ, ಬೋರಯ್ಯ, ಲಕ್ಷ್ಮಯ್ಯ, ಧರ್ಮಯ್ಯ ಎಂಬ ಹೆಸರುಗಳನ್ನೂ ಹೇಳಲಿ. ಸಾಧ್ಯವಾದರೆ ತಮ್ಮ ಸ್ವಂತ ಊರಿನ ಕೈಫಿಯತ್ತು ಆ ಗ್ರಂಥದಲ್ಲಿದೆಯೇ ಎಂದು ಹುಡುಕಲಿ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೋ ಅಜ್ಜನೋ ಇದ್ದರೆ, ಊರಿನ ಕೆರೆ, ಗುಡಿ, ಜಾತ್ರೆಗಳ ಬಗ್ಗೆ ಅವರು ಹೇಳುವುದನ್ನು ಒಂದು ನೋಟು ಪುಸ್ತಕದಲ್ಲಿ ಬರೆದಿಡಲಿ. ಬೋರಯ್ಯನವರು ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮಾಡಿದ್ದೂ ಇದನ್ನೇ. ಅದಕ್ಕೆ ಸೇನೆಯೂ ಬೇಡ, ಸರಕಾರದ ಹಣವೂ ಬೇಡ. ಕೇಳುವ ತಾಳ್ಮೆ ಇದ್ದರೆ ಸಾಕು.